ಪಾರ್ಸಲ್ ಆಫೀಸಿನಲ್ಲಿ ನನ್ನ ತುಲಾಭಾರ

ಬೆಲ್ಲ ಕಂಡರೆ ನನಗೆ ಇವತ್ತಿಗೂ ಮೀನಿನ ವಾಸನೆ ನೆನಪಾಗುತ್ತದೆ. ಈ ಎರಡಕ್ಕೂ ಗಂಟು ಹಾಕಿದವಳು ನನ್ನ ಅಜ್ಜಿ, ಅಪ್ಪನ ತಾಯಿ.

ಐವತ್ತರ ದಶಕದ ಮಾತು. ಅಪ್ಪ ಧಾರವಾಡದ ಕಡೆಯಿಂದ ವರ್ಗವಾಗಿ ಬಂದು ನಾಗಪುರ ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತನಾಗಿದ್ದ. ಪ್ರತಿ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ನನ್ನನ್ನೂ ತಮ್ಮನನ್ನೂ ಅಲ್ಲಿನ ತೂಕದ ಕಾಟಾದ ಮೇಲೆ ನಿಲ್ಲಿಸಿ, ಬಂದ ಅಂಕಿಯನ್ನು ಮನೆಯ ಕಪಾಟಿನ ಬಾಗಿಲ ಒಳಮೈಗೆ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದ. ತೂಕದ ವಿಷಯದಲ್ಲಿ ಅವನು ಸುಳ್ಳು ಬರೆದವನಲ್ಲ. ನನ್ನ ಹನ್ನೊಂದನೆಯ ವರ್ಷದ ಅಂಕಿ ಮೂವತ್ತೊಂದು ಸೇರು.

ಅದೇ ಮಳೆಗಾಲದಲ್ಲಿ ನನಗೆ ವಿಷಮಜ್ವರ ಬಂತು. ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿ ಹೋದ ದಿನ, ಮಗಳು ಬದುಕಿದರೆ ಅವಳ ತೂಕದಷ್ಟು ಬೆಲ್ಲ ಕೊಡುತ್ತೇನೆಂದು ಅಮ್ಮ ಮನೆದೇವರಿಗೆ ಹರಕೆ ಹೊತ್ತಳು. ನಾನು ಬದುಕಿದೆ. ಕೂದಲು ಉದುರಿ, ಮೊಣಕಾಲಿನ ಗಂಟುಗಳು ಮಾತ್ರ ದಪ್ಪಗೆ ಉಳಿದಿದ್ದವು.

ಹಿಂದೆ ತಮ್ಮನಿಗೆ ದಡಾರ ಬಂದು ಹೋದಾಗಲೂ ಇದೇ ಹರಕೆಯಾಗಿತ್ತು. ಆಗ ಅಜ್ಜಿ ನಾಲ್ಕು ತಿಂಗಳು ಕಾಯಿಸಿ, ತುಪ್ಪ ಸುರಿದು ಉಣ್ಣಿಸಿ, ಅವನ ಕೆನ್ನೆ ತುಂಬಿದ ಮೇಲೆ ಊರಿನ ಗುಡಿಗೆ ಕರೆದೊಯ್ದು ತೂಗಿಸಿದ್ದಳು. ವಂಶದ ಕುಡಿ, ದೇವರಿಗೆ ಕಡಿಮೆಯಾಗಬಾರದು ಎಂದಿದ್ದಳು. ನನ್ನ ಸರದಿ ಬಂದಾಗ ನಾನಿನ್ನೂ ಗೋಡೆ ಹಿಡಿದು ನಡೆಯುತ್ತಿದ್ದೆ.

"ಈಗ ತೂಗಿಸಿಬಿಡ್ರಿ. ಕಡ್ಡಿ ಆಗ್ಯಾಳ. ಹೆಚ್ಚು ಬೆಲ್ಲ ಹಿಡಿಯೂದಿಲ್ಲ" ಎಂದಳು ಅಜ್ಜಿ, ನನ್ನ ಎದುರಿಗೇ.

ನನಗೆ ಅಸಹ್ಯವಾಯಿತು. ಅಮ್ಮನಿಗಾದದ್ದು ಭಯ. ದೇವರಿಗೆ ಕಡಿಮೆ ಅಳೆದರೆ ಜ್ವರ ತಿರುಗಿ ಬರುತ್ತದೆಂದು ಅವಳು ಅಡುಗೆಮನೆಯಲ್ಲಿ ಅತ್ತಳೇ ಹೊರತು ಅತ್ತೆಗೆ ಎದುರಾಡಲಿಲ್ಲ. ಅಪ್ಪ, ಮೂವತ್ತು ದಾಟಿದ ಗಂಡಸು, ತಾಯಿಯ ಮುಂದೆ ಉಗುರು ನೋಡಿಕೊಳ್ಳುತ್ತ ಕೂತಿದ್ದ. ಅದನ್ನು ನೋಡಿ ಇನ್ನಷ್ಟು ಹೇಸಿಗೆಯಾಯಿತು.

ಹುಡುಗಿಯ ಸಲುವಾಗಿ ಊರಿನ ತನಕ ಹೋಗುವುದು ಬೇಡವೆಂದೂ ಅಜ್ಜಿಯೇ ತೀರ್ಮಾನಿಸಿದಳು. ಇಲ್ಲೇ ತೂಗಿ ಬೆಲ್ಲವನ್ನು ಗುಡಿಗೆ ರೈಲಿನಲ್ಲಿ ಕಳಿಸಿದರಾಯಿತು. ಹತ್ತಿರದ ಕಟ್ಟಿಗೆ ಅಡ್ಡೆಯಲ್ಲಿ ಆಳು ಕೂರುವಷ್ಟು ದೊಡ್ಡ ತಕ್ಕಡಿಯಿತ್ತು. ಅದು ಮೈಲಿಗೆ, ಪಾರ್ಸಲ್ ಆಫೀಸಿನದೇ ಸೈ ಎಂದಳು. ಆ ಕಾಟಾದ ಮೇಲೆ ಬೆಳಗ್ಗೆ ಏನನ್ನು ತೂಗುತ್ತಾರೆಂದು ಮಡಿವಂತೆಗೆ ತಿಳಿದಿರಲಿಲ್ಲ.

ರವಿವಾರ ಹೋದೆವು. ಮೀನಿನ ಬುಟ್ಟಿಗಳನ್ನು ಆಗಷ್ಟೇ ಇಳಿಸಿದ್ದರು. ಅಪ್ಪ ನೀರು ಚಿಮುಕಿಸಿದ. ಕಬ್ಬಿಣದ ಹಲಗೆಯ ಮೇಲಿನ ಲೋಳೆ ನನ್ನ ಅಂಗಾಲಿಗೆ ಅಂಟಿತು. ಪಕ್ಕದಲ್ಲಿ ಕೊಳೆತ ಕಿತ್ತಳೆ ಹಣ್ಣಿನ ಬುಟ್ಟಿಗಳು. ಹಮಾಲರು ಬೀಡಿ ಸೇದುತ್ತ ನನ್ನ ಬೋಳು ತಲೆ ನೋಡಿದರು. ಅಜ್ಜಿ ಮೂಗಿಗೆ ಸೆರಗು ಒತ್ತಿಕೊಂಡು, ಜಲ್ದಿ ಮಾಡು ಎಂದಳು.

ತುಲಾಭಾರವೆಂದರೆ ಒಂದು ತಟ್ಟೆಯಲ್ಲಿ ಮಗು, ಇನ್ನೊಂದರಲ್ಲಿ ಬೆಲ್ಲ, ಎಲ್ಲರ ಕಣ್ಣೆದುರಿಗೆ. ಇಲ್ಲಿ ಇದ್ದದ್ದು ಒಂದೇ ಹಲಗೆ. ಮೊದಲು ನಾನು, ಆಮೇಲೆ ಬೆಲ್ಲ. ಅಪ್ಪ ಕಾಟಾದ ಅಂಕಿ ಕೆತ್ತಿದ ಪಟ್ಟಿಯ ಮೇಲಿನ ಗುಂಡನ್ನು ಮೆಲ್ಲಗೆ ಸರಿಸಿದ. ಅದು ನಿಂತ ಜಾಗ ನನಗೆ ಚೆನ್ನಾಗಿ ಕಂಡಿತು: ಇಪ್ಪತ್ತೈದೂವರೆ.

"ಮೂವತ್ತೊಂದು ಸೇರು. ಬರೋಬರ್ ಅದ, ಅವ್ವಾ" ಎಂದ ಅಪ್ಪ.

ಅಜ್ಜಿಗೆ ಅಂಕಿ ಓದಲು ಬರುತ್ತಿರಲಿಲ್ಲ. ಅಪ್ಪ ಬೆಲ್ಲದ ಪೆಂಟೆಗಳನ್ನು ಒಂದೊಂದಾಗಿ ಇಟ್ಟು ಮೂವತ್ತೊಂದು ತೂಗಿಸುವ ತನಕ ನಾನು ಅಜ್ಜಿಯ ಕಣ್ಣನ್ನೇ ನೋಡುತ್ತಿದ್ದೆ. ಅವಳು ಒಮ್ಮೆ ರಾಶಿಯನ್ನೂ ಒಮ್ಮೆ ನನ್ನನ್ನೂ ನೋಡಿದಳು. ಜ್ವರಕ್ಕೆ ಮೊದಲು ಶಾಲೆಯ ಮಾಸ್ತರರು ಹತ್ತಿಯ ಮೂಟೆಯನ್ನೂ ಕಬ್ಬಿಣದ ತುಂಡನ್ನೂ ಮೇಜಿನ ಮೇಲಿಟ್ಟು, ಒಂದು ವಸ್ತು ಎಷ್ಟು ಜಾಗ ಹಿಡಿಯುತ್ತದೆ ಎಂಬುದು ಬೇರೆ, ಎಷ್ಟು ತೂಗುತ್ತದೆ ಎಂಬುದು ಬೇರೆ ಎಂದು ಮರಾಠಿಯಲ್ಲಿ ಹೇಳಿಕೊಟ್ಟಿದ್ದರು. ಬೆಲ್ಲ ಒತ್ತಾದ ಪದಾರ್ಥ. ಐದೂವರೆ ಸೇರು ಹೆಚ್ಚಿದ್ದರೂ ರಾಶಿ ನನಗಿಂತ ಸಣ್ಣದಾಗಿ ಕಂಡಿತು. ಇಷ್ಟರಲ್ಲೇ ಮುಗಿಯಿತಲ್ಲ ಎಂದು ಅಜ್ಜಿ ಸಂತೋಷಪಟ್ಟಳು. ಆ ಸಂತೋಷದ ಮುಖದಷ್ಟು ಅಸಹ್ಯವಾದದ್ದನ್ನು ನಾನು ಆಮೇಲೆ ಬಹಳ ಕಂಡಿಲ್ಲ.

ಮನೆಗೆ ಬಂದು ಬಚ್ಚಲಲ್ಲಿ ಕಾಲು ಉಜ್ಜಿ ಉಜ್ಜಿ ತೊಳೆದೆ. ನೀರು ಹಾಕುತ್ತಿದ್ದವನು ಅಪ್ಪ. ಕಾಟಾದ ಮೇಲೆ ಇಪ್ಪತ್ತೈದೂವರೆ ಇತ್ತು, ನಾ ನೋಡೀನಿ ಎಂದೆ.

ಅವನು ತಂಬಿಗೆ ಕೆಳಗಿಟ್ಟ. "ಅದು ಜ್ವರ ಬಿಟ್ಟು ಹೋದದ್ದು. ನಿನ್ನ ತೂಕ ಎಷ್ಟಂತ ನನಗ ಗೊತ್ತದ" ಎಂದ.

ಜ್ವರ ತಿರುಗಿ ಬರಲಿಲ್ಲ. ಅಮ್ಮನಿಗೆ ಅಪ್ಪ ನಿಜ ಹೇಳಿರಬೇಕು, ಅವತ್ತು ಅವಳು ಹೊಟ್ಟೆ ತುಂಬ ಉಂಡಳು. ಅಜ್ಜಿ ಸಾಯುವ ತನಕ ಹುಡುಗಿಯದು ಸಸ್ತಾದಲ್ಲಿ ಮುಗಿಯಿತೆಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಪ್ರತಿ ಸಲವೂ ಅಪ್ಪ ಅಲ್ಲೇ ಕೂತಿರುತ್ತಿದ್ದ, ಉಗುರು ನೋಡಿಕೊಳ್ಳುತ್ತ. ಬಚ್ಚಲಲ್ಲಿ ನನಗೆ ಹೇಳಿದ ಮಾತನ್ನು ಒಂದೇ ಒಂದು ಸಲ ಅವಳ ಎದುರಿಗೆ ಹೇಳಲಿ ಎಂದು ನಾನು ಬಾಗಿಲಲ್ಲಿ ನಿಂತು ಕಾಯುತ್ತಿದ್ದೆ.