ಶರ್ವರಿ ಬರೆದ ಫಲಕ

ಬೆಳಗಾವಿಯ ಅನಗೋಳದ ಪ್ರಮಿಳಾ ಖಾನಾಪುರದ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾರೆ. ಬೆಳಗಿನ ಬಸ್ಸಿನಲ್ಲಿ ನಾವಿಬ್ಬರೂ ಒಂದೇ ಸೀಟು. ಪಕ್ಕದವರಿಗೆ ನಿದ್ದೆ ಮಾಡಲು ಬಿಡದ ಹೆಂಗಸು; ದೂರದಲ್ಲಿ ಗುಡ್ಡ ಕಂಡರೆ ಸಾಕು, ಅದರ ಜಾತಕ ಬಿಚ್ಚುತ್ತಾರೆ. ಬೈದುಕೊಂಡೇ ನಾನೂ ಕೇಳುತ್ತೇನೆ.

ಈ ಮಳೆಗಾಲದಲ್ಲಿ ಒಮ್ಮೆ ಅವರು ಬಸ್ಸಿನಲ್ಲಿ ತುಟಿ ಬಿಚ್ಚಲಿಲ್ಲ. ಕೆದಕಿದ ಮೇಲೆ ವಿಷಯ ಹೊರಬಿತ್ತು. ಭೂಫಲಕಗಳು ಡಿಕ್ಕಿಯಾಗಿ ಹಿಮಾಲಯ ಎದ್ದಿತೆಂದು ಪಾಠ ಮಾಡಿ, ಮಕ್ಕಳಿಗೆ ಚಿತ್ರ ಬರೆಯಲು ಹೇಳಿದ್ದರು. ಈ ವರ್ಷವಷ್ಟೇ ಮರಾಠಿ ಶಾಲೆಯಿಂದ ಬಂದ ಶರ್ವರಿ ಎರಡು ಕಂಬ ನೆಟ್ಟು, ‘ಭಾರತ’, ‘ಏಷ್ಯಾ’ ಎಂಬ ಎರಡು ಬೋರ್ಡು ಒಂದಕ್ಕೊಂದು ಗುದ್ದುವಂತೆ ಬರೆದಿದ್ದಳು. ಅವಳದೇನು ತಪ್ಪು? ಬೆಳಗಾವಿ ಕಡೆ ಫಲಕವೆಂದರೆ ಮೊದಲು ನೆನಪಾಗುವುದು ನಾಮಫಲಕ. ಅದಕ್ಕಾಗಿ ಗುದ್ದಾಟವೂ ನಡೆಯುತ್ತದೆ. ಕ್ಲಾಸು ಬಿದ್ದುಬಿದ್ದು ನಕ್ಕಿತು. ಪ್ರಮಿಳಾ ಕೂಡ ನಕ್ಕುಬಿಟ್ಟರು. ಅಂದಿನಿಂದ ಆ ಹುಡುಗಿ ಹಾಜರಿ ಕರೆದರೂ ಬಾಯಿ ಬಿಡದೆ ಬರೀ ಕೈಯೆತ್ತುತ್ತಿದ್ದಳು. ಅವಳನ್ನು ಮತ್ತೆ ಮಾತಾಡಿಸಲಾಗದಿದ್ದರೆ ತಾನೆಂಥ ಟೀಚರು ಎಂಬುದೇ ಇವರ ಸಂಕಟ.

ಸೋಮವಾರ ಹಳೇ ಸೀರೆಯ ಎರಡು ಕೌದಿ ಹೊತ್ತು ಬಸ್ಸು ಹತ್ತಿದರು. ಅವು ನನ್ನ ತೊಡೆಯ ಮೇಲೇ ಖಾನಾಪುರ ತಲುಪಿದವು. ಕ್ಲಾಸಿನಲ್ಲಿ ಅವನ್ನು ಹಾಸಿ, ಫಲಕವೆಂದರೆ ಇಂಥ ಅಗಲವಾದ ಕಲ್ಲಿನ ಹಾಸು ಎಂದು ಬಿಡಿಸಿ ಹೇಳಿ, ಎರಡೂ ಕಡೆಯಿಂದ ಮಕ್ಕಳ ಕೈಲಿ ತಳ್ಳಿಸಿದರಂತೆ. ನಡುವೆ ಮಡಿಕೆ ಎದ್ದು ಹಿಮಾಲಯವಾಯಿತು.

ಆಗ ಹಿಂದಿನ ಬೆಂಚಿನಿಂದ ಶರ್ವರಿಯ ದನಿ ಬಂತು.

“ಅಕ್ಕೋರ, ನಮ್ಮ ಡೊಂಗರಕ್ಕ ಯಾರು ಬಂದು ಗುದ್ದ್ಯಾರ್ರಿ?”

ಕಿಟಕಿಯಾಚೆಯ ಗುಡ್ಡಕ್ಕೆ ಅವಳು ಮರಾಠಿಯ ಶಬ್ದ ಬಳಸಿದ್ದಕ್ಕೆ ಯಾರೋ ಕಿಸಕ್ಕೆಂದರು. ಪ್ರಮಿಳಾ ಬೇಕೆಂದೇ ಅದೇ ಶಬ್ದ ಎತ್ತಿಕೊಂಡರು. ಈ ಡೊಂಗರಕ್ಕೆ ಯಾರೂ ಗುದ್ದಿಲ್ಲ ಎಂದು ಕೌದಿಗಳನ್ನು ಎಳೆದು ದೂರ ಮಾಡಿದರು. ಎಷ್ಟೋ ಕೋಟಿ ವರ್ಷಗಳ ಹಿಂದೆ ಪಶ್ಚಿಮಕ್ಕೆ ಅಂಟಿಕೊಂಡಿದ್ದ ನೆಲ ಹರಿದು ದೂರ ಸರಿಯಿತು; ನಡುವೆ ಸಮುದ್ರ ಬಂತು; ಹರಿದ ಅಂಚು ಮೇಲೆದ್ದು ಸಹ್ಯಾದ್ರಿಯಾಯಿತು.

“ಹಂಗಾರ ಮೊದಲ ನಮ್ಮ ಬಾಜೂಕ ಯಾರಿದ್ರರಿ?”

“ಮಡಗಾಸ್ಕರ್. ಈಗ ಆಫ್ರಿಕಾದ ಹತ್ರ ಐತಿ ನೋಡವಾ.”

ಮರುದಿನ ಕ್ಲಾಸಿನಲ್ಲಿ ಗುಡ್ಡ ಕಾಣುವ ಪಶ್ಚಿಮದ ಕಿಟಕಿಗೆ ರಟ್ಟಿನ ಬೋರ್ಡೊಂದು ತೂಗುತ್ತಿತ್ತು: ‘ನಮ್ಮ ಹಳೇ ಬಾಜೂಮನಿ, ಮಡಗಾಸ್ಕರ್’. ಕೆಳಗೆ ದಾರಿ ತೋರುವ ಬಾಣ. ಹಾಜರಿಯಲ್ಲಿ ತನ್ನ ಹೆಸರು ಬಂದಾಗ ಶರ್ವರಿ ಕೈಯೆತ್ತಲಿಲ್ಲ, ಎದ್ದು ನಿಂತಳು.

“ಅಕ್ಕೋರ, ಇದರೆ ಖರೇ ಫಲಕ ಹೌದಲ್ರಿ?”