ಬೆಳ್ಳಿತೆರೆಯ ಮೇಲೆ ಒಂದೇ ಒಲೆ

ಪುಣೆಯಲ್ಲಿ ನೌಕರಿಯಲ್ಲಿದ್ದಾಗ, ಇಂಗ್ರೇಜರ ಕಾಲವದು, ಒಂದು ಮರಾಠಿ ಸಿನಿಮಾಕ್ಕೆ ಹೋಗಿದ್ದೆ. ಜಗಳಾಡಿ ಬೇರೆಯಾದ ಅಣ್ಣತಮ್ಮಂದಿರ ಕತೆ. ಕೊನೆಗೆ ಬರೀ ಅಡುಗೆಮನೆ ತೋರಿಸಿ ದೀಪ ಹಾಕಿಬಿಟ್ಟರು.

“ಅಣ್ಣತಮ್ಮ ಒಂದಾದ್ರೋ ಇಲ್ಲೋ, ಯಾರೂ ಹೇಳಲೇ ಇಲ್ಲಲ್ಲ,” ಎಂದು ಪಕ್ಕದ ಗೃಹಸ್ಥರು ಕನ್ನಡದಲ್ಲೇ ಗೊಣಗಿದರು.

“ಮೊದಲ ಎರಡು ಒಲಿ ಇದ್ವು. ಈಗ ಒಂದ ಅದ, ಮ್ಯಾಲ ದೊಡ್ಡ ಪಾತೇಲಿ. ಇನ್ನ ಡಂಗುರ ಹೊಡೀಬೇಕೇನ್ರಿ?” ಅಂದರು ಅವರ ಹೆಂಡತಿ.

ಕನ್ನಡ ಕೇಳಿದ ಖುಷಿಗೆ ನಾನೂ ಬಾಯಿ ಹಾಕಿದೆ. “ಖರೆ ಅದರಿ. ಬಾಗಿಲದಾಗ ಎಲ್ಲಾರ ಚಪ್ಪಲಿನೂ ಇದ್ವು.”

ಗೃಹಸ್ಥರು ನನ್ನನ್ನು ದಿಟ್ಟಿಸಿದರು. “ನಿಮ್ಮನ್ನ ನನ್ನ ತಮ್ಮ ಕಳಿಸ್ಯಾನೇನು?”

ಹೊರಗೆ ಬಂದು ಆಕೆ ಟಾಂಗಾದವನಿಗೆ ಒಂದು ವಿಳಾಸ ಹೇಳಿದರು.

“ತಮ್ಮನ ಮನಿಗೇನು? ಮಾತು ಬಿಟ್ಟೀವಿ, ಊಟದ ಹೊತ್ತಿನ್ಯಾಗ ಹೋದ್ರ ಹ್ಯಾಂಗ?” ಗೃಹಸ್ಥರು ಗಾಬರಿಯಾದರು.

“ಅದಕ್ಕ ಹೊಂಟೀನ್ರಿ.”

ಗೃಹಸ್ಥರು ಇನ್ನೂ ಏನೋ ಹೇಳುವವರಿದ್ದರು. ಕುದುರೆಗೆ ಕನ್ನಡ ಬರುತ್ತಿರಲಿಲ್ಲ, ಹೊರಟೇಬಿಟ್ಟಿತು.