ಮಾಸ್ಟರ ಪ್ಯಾಂಟು ಸಡಿಲವಾದದ್ದು

ಟೈಲರ್ ಮಾಸ್ಟರಿಗೆ ಯಾವುದನ್ನೂ ಅರ್ಧಂಬರ್ಧ ಮಾಡಿ ಗೊತ್ತಿಲ್ಲ. ಕಾಲರ್ ಕೂದಲೆಳೆಯಷ್ಟು ಓರೆಯಾದರೂ ಇಡೀ ಅಂಗಿಯನ್ನೇ ಬಿಚ್ಚಿ ಹಾಕುವ ಆಸಾಮಿ. ಮುನಿಸಿಕೊಂಡರೆ ವಾರಗಟ್ಟಲೆ, ನಗಲು ಹೊರಟರೆ ಕಣ್ಣಲ್ಲಿ ನೀರು ಬರುವ ತನಕ. ತಿನ್ನುವುದರಲ್ಲೂ ಇದೇ ಧಾರಾಳ. ಹೀಗಾಗಿ ಹೊಟ್ಟೆ ಕಟಿಂಗ್ ಮೇಜಿನ ಅಂಚನ್ನು ದಾಟಿ ಬಟ್ಟೆಯ ಮೇಲೆ ಕೂರುವ ಹಂತಕ್ಕೆ ಬಂದಿತ್ತು. ಒಂದು ಬೆಳಿಗ್ಗೆ ಕತ್ತರಿ ಆಡಿಸುತ್ತಿದ್ದಾಗಲೇ ಎದೆ ಹಿಡಿದುಕೊಂಡಿತು. ಡಾಕ್ಟರು ಪರೀಕ್ಷೆ ಮಾಡಿ, ಮಾತ್ರೆ ಬರೆದುಕೊಟ್ಟು, ಕೂರಿಸಿಕೊಂಡು ಹೇಳಿದರು.

"ಈ ಸಲ ಎದೆ ಬರೀ ಹೆದರಿಸಿದೆ. ಎಣ್ಣೆ, ಸಿಹಿ ಕಡಿಮೆ ಮಾಡಿ, ತರಕಾರಿ ಜಾಸ್ತಿ ತಿನ್ನಿ. ಹೊಟ್ಟೆ ಸ್ವಲ್ಪ ಇಳೀಬೇಕು. ದಿನಾ ನಡೀರಿ, ಆದ್ರೆ ಪಕ್ಕದವರ ಜೊತೆ ಮಾತಾಡೋಕೆ ಆಗ್ಬೇಕು, ಅಷ್ಟು ನಿಧಾನಕ್ಕೆ. ಅತಿ ಮಾಡಿದ್ರೆ ಮತ್ತೆ ಇಲ್ಲಿಗೇ ಬರ್ತೀರಿ."

ಮಾಸ್ಟರ ಕಿವಿಗೆ ಬಿದ್ದದ್ದು ಹೊಟ್ಟೆ ಇಳಿಯಬೇಕು ಎಂಬ ಮಾತೊಂದೇ. ಉಳಿದದ್ದೆಲ್ಲ ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಎದೆಯೊಳಗೆ ಹೋಗಿ ಕೂತಿತು.

ಆ ಹೆಂಡತಿಗೆ ಬೀದಿಯವರು ಇಟ್ಟ ಹೆಸರು ಕಾಜಾ ಅಕ್ಕ. ಗುಂಡಿ ತೂರಿಸುವ ಕಾಜಾಗಳನ್ನೆಲ್ಲ ಅವಳು ಕೈಯಲ್ಲೇ, ಅದೂ ಎಡಗೈಯಲ್ಲೇ, ಹೊಲಿಯುತ್ತಾಳೆ. ಅಂಚು ಮಡಿಸುವುದೂ ಅವಳೇ, ಹೊತ್ತಿಗೆ ಸರಿಯಾಗಿ ಬಟ್ಟೆ ಸಿಗಲಿಲ್ಲವೆಂದು ಜಗಳಕ್ಕೆ ಬಂದವರನ್ನು ನಗಿಸಿ ಕಳಿಸುವುದೂ ಅವಳೇ. ಅವರ ಅಂಗಡಿ ಒಂದು ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ, ಮನೆ ಅದರ ತುತ್ತತುದಿಯ ಮಹಡಿಯಲ್ಲಿ. ಮಾಸ್ಟರ ವ್ಯಾಯಾಮಶಾಲೆ ಈ ಎರಡರ ನಡುವಿನ ಮೆಟ್ಟಿಲು.

ಮರುದಿನದಿಂದಲೇ ಶುರು. ಎಣ್ಣೆ ಡಬ್ಬಿ ಅಟ್ಟ ಸೇರಿತು. ಸಕ್ಕರೆ ಪಕ್ಕದ ಮನೆಗೆ ದಾನವಾಯಿತು. ತಟ್ಟೆಯಲ್ಲಿ ಸೌತೆಕಾಯಿ, ಬೇಯಿಸಿದ ಸೊಪ್ಪು, ಮತ್ತೆ ಸೌತೆಕಾಯಿ. ಬೆಳಗಾದರೆ ಮೆಟ್ಟಿಲ ಮೇಲೆ ದಡದಡ ಸದ್ದು. ಕೆಳಗಿಳಿದು ಬಂದಾಗ ತುಟಿ ಬಿಳಿಚಿಕೊಂಡಿರುತ್ತಿತ್ತು, ಕುತ್ತಿಗೆಯ ನರ ಹಗ್ಗದ ಹಾಗೆ ಉಬ್ಬಿರುತ್ತಿತ್ತು, ಬಾಯಿಂದ ಒಂದು ಮಾತು ನೆಟ್ಟಗೆ ಹೊರಡುತ್ತಿರಲಿಲ್ಲ. ಅಕ್ಕ ಜೀವ ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು.

"ರೀ, ನಿಧಾನಕ್ಕೆ ಅಂದಿದ್ರು ಡಾಕ್ಟ್ರು."

"ಬೆವರು... ಬರದೆ... ಹೊಟ್ಟೆ ಇಳಿಯುತ್ತಾ?" ಎಂದು ಮಾಸ್ಟರು ಏದುಸಿರಿನ ನಡುವೆಯೇ ಗದರುತ್ತಿದ್ದರು. ಹೇಳಿದ್ದು ಗೋಡೆಗೆ ಹೇಳಿದಂತೆ. ಬೇಡಿಕೊಂಡಳು, ಮುಖ ಊದಿಸಿಕೊಂಡಳು, ಮಾತು ಬಿಟ್ಟಳು. ಮಾತು ಬಿಟ್ಟದ್ದು ಅವರ ಗಮನಕ್ಕೇ ಬರಲಿಲ್ಲ.

ಹೊಟ್ಟೆ ಎಷ್ಟು ಇಳಿದಿದೆಯೆಂದು ನೋಡಲು ಮಾಸ್ಟರು ತೂಕದ ಯಂತ್ರ ಹತ್ತುವವರಲ್ಲ. ಕೊರಳಲ್ಲಿ ಸದಾ ಟೇಪು ನೇತಾಡುತ್ತಿದ್ದರೂ ತಮ್ಮ ಸೊಂಟಕ್ಕೆ ಅದನ್ನು ಸುತ್ತಿಕೊಳ್ಳುವವರೂ ಅಲ್ಲ. ತನ್ನ ಅಳತೆ ತಾನು ತೆಗೆಯುವವನು ಉಸಿರು ಒಳಗೆಳೆದುಕೊಂಡೇ ತೆಗೆಯುತ್ತಾನೆ, ಅದನ್ನು ನಂಬಬಾರದು ಎಂಬುದು ಅವರು ಕಲಿತ ಪಾಠ. ನಂಬುವುದಾದರೆ ಪ್ಯಾಂಟನ್ನು ನಂಬಬೇಕು. ಬೆಳಿಗ್ಗೆ ಪ್ಯಾಂಟು ತೊಟ್ಟು, ಸೊಂಟಪಟ್ಟಿಯೊಳಗೆ ಹೆಬ್ಬೆರಳು ತೂರಿಸಿ ನೋಡುತ್ತಿದ್ದರು. ಹೆಬ್ಬೆರಳು ಹೋಗಲೊಲ್ಲದು. ಹೋಗದಿದ್ದರೆ ಮೆಟ್ಟಿಲಿಗೆ ಇನ್ನೊಂದು ಸುತ್ತು.

ಇದನ್ನು ನೋಡಿ ನೋಡಿ ಅಕ್ಕನಿಗೆ ಒಂದು ಉಪಾಯ ಹೊಳೆಯಿತು. ಮಧ್ಯಾಹ್ನ ಮಾಸ್ಟರು ಲೈನಿಂಗ್ ಬಟ್ಟೆ ತರಲು ಹೋದಾಗ ಅವರ ಪ್ಯಾಂಟುಗಳನ್ನು ತೊಡೆಯ ಮೇಲೆ ಹರಡಿಕೊಂಡು, ಸೊಂಟದ ಹಿಂಬದಿಯ ಹೊಲಿಗೆ ಬಿಚ್ಚಿ, ಒಳಗೆ ಮಡಿಸಿಟ್ಟಿದ್ದ ಬಟ್ಟೆಯನ್ನು ಬೆರಳಗಲ ಬಿಟ್ಟು, ಮತ್ತೆ ಕೈಹೊಲಿಗೆ ಹಾಕಿದಳು. ಇಳಿಯಿತು ಎಂದು ಸಮಾಧಾನವಾದರೆ ಮನುಷ್ಯ ಮೆಟ್ಟಿಲು ಬಿಟ್ಟಾನು ಎಂಬುದು ಅವಳ ಲೆಕ್ಕ.

ಮರುದಿನ ಹೆಬ್ಬೆರಳು ಸಲೀಸಾಗಿ ಒಳಗೆ ಹೋಯಿತು. ಮಾಸ್ಟರು ಹಿಗ್ಗಿ ಹೀರೇಕಾಯಿಯಾದರು. ಅಂಗಿ ಹೊಲಿಸಲು ಬಂದವರಿಗೆಲ್ಲ ತಮ್ಮ ಪ್ಯಾಂಟು ಎಳೆದು ತೋರಿಸಿದ್ದೇ ತೋರಿಸಿದ್ದು. "ನೋಡಿದ್ರಾ? ಮೈ ಇಳೀತಾ ಇದೆ. ಇದೇ ಸಮಯ, ಬಿಡಬಾರ್ದು!" ಎಂದವರೇ ಮೆಟ್ಟಿಲ ಸುತ್ತು ಹೆಚ್ಚಿಸಿದ್ದಲ್ಲದೆ ಕೈಗೊಂದು ಇಸ್ತ್ರಿಪೆಟ್ಟಿಗೆಯನ್ನೂ ಹಿಡಿದುಕೊಂಡರು, ಭಾರಕ್ಕಿರಲಿ ಎಂದು.

ಅಕ್ಕ ತಲೆಯ ಮೇಲೆ ಕೈಹೊತ್ತು ಕೂತಳು. ಇನ್ನು ಉಳಿದಿದ್ದು ಒಂದೇ ದಾರಿ. ಹುರುಪು ಇಳಿಯಲಿ, ಇದೆಲ್ಲ ನನ್ನಿಂದಾಗದ ಕೆಲಸ ಎಂದು ಬೇಸತ್ತು ಬಿಡಲಿ ಎಂದುಕೊಂಡು, ಅವೇ ಹೊಲಿಗೆಗಳನ್ನು ಮತ್ತೆ ಬಿಚ್ಚಿ, ಮೊದಲಿಗಿಂತಲೂ ಬಿಗಿಯಾಗಿ ಹಿಡಿದು ಹೊಲಿದಳು.

ಬೆಳಿಗ್ಗೆ ಪ್ಯಾಂಟಿನ ಹುಕ್ಕು ಹಾಕಲು ಹೋದ ಮಾಸ್ಟರ ಮುಖ ನೋಡಲಾಗಲಿಲ್ಲ. ಹೆಂಡತಿಗೆ ಅಯ್ಯೋ ಅನ್ನಿಸಿತು, ಆದರೂ ಬಾಯಿ ಬಿಡಲಿಲ್ಲ. ಬೇಸತ್ತು ಬಿಡುವ ಪೈಕಿಯೇ ಅವರು? ಅಂದಿನಿಂದ ಹೊಟ್ಟೆಗೆ ತಣ್ಣೀರು ಬಟ್ಟೆ. ರಾತ್ರಿಯ ಊಟ ನಿಂತಿತು, ಬೆಳಗಿನ ತಿಂಡಿ ನಿಂತಿತು, ಸೌತೆಕಾಯಿಗೂ ಕತ್ತರಿ ಬಿತ್ತು. ಮೆಟ್ಟಿಲು ಮಾತ್ರ ನಿಲ್ಲಲಿಲ್ಲ.

ಹೀಗೆ ನಡೆಯುತ್ತಿರುವಾಗ ಶಾಲೆಯ ಮೇಷ್ಟರೊಬ್ಬರು ಕೋಟಿಗೆ ಅಳತೆ ಕೊಡಲು ಬಂದರು. ಮಾಸ್ಟರು ಅವರ ಭುಜಕ್ಕೆ ಟೇಪು ಹಿಡಿದವರು, ಅಂಕಿ ಹೇಳಲಿಲ್ಲ. ಕಾಜಾ ಅಕ್ಕ ತಲೆಯೆತ್ತುವಷ್ಟರಲ್ಲಿ ಮಾಸ್ಟರು ಮೇಷ್ಟರ ಬೆನ್ನಿಗೆ ಒರಗಿಕೊಂಡು ಹಾಗೇ ನೆಲಕ್ಕೆ ಜಾರಿದ್ದರು.

ಮೇಷ್ಟರೇ ಗಾಡಿ ಮಾಡಿ ಆಸ್ಪತ್ರೆಗೆ ಸೇರಿಸಿದರು. ಡಾಕ್ಟರು ಎದೆ ನೋಡಿದರು, ರಕ್ತ ನೋಡಿದರು, ಆಮೇಲೆ ಬೈಯಲು ಶುರುಮಾಡಿದರು. ಬೈಗುಳ ಕೇಳಿಯೇ ಅಕ್ಕನಿಗೆ ಹೋದ ಜೀವ ಬಂದಂತಾಯಿತು. "ಉಪವಾಸ ಬಿದ್ದು ಮೆಟ್ಟಿಲು ಹತ್ತೋಕೆ ನಾನು ಹೇಳಿದ್ನಾ? ಎದೆಗೇನೂ ಆಗಿಲ್ಲ, ನಿಮ್ಮ ಪುಣ್ಯ. ಇನ್ನೊಂದು ಸಲ ಹೀಗೆ ಮಾಡಿದ್ರೆ ಈ ಮಾತು ಹೇಳ್ತೀನೋ ಇಲ್ವೋ ಗೊತ್ತಿಲ್ಲ."

ಉಸಿರಾಟಕ್ಕೆ ಸಲೀಸಾಗಲೆಂದು ನರ್ಸು ಅವರ ಪ್ಯಾಂಟು ಬಿಚ್ಚಿ ಮಂಚದ ಕಂಬಿಗೆ ಹಾಕಿದ್ದಳು, ಒಳಮೈ ಹೊರಗಾಗಿ. ಗ್ಲೂಕೋಸ್ ಹನಿ ಹನಿಯಾಗಿ ಇಳಿಯುತ್ತಿತ್ತು. ಬೇರೇನೂ ಕೆಲಸವಿಲ್ಲದ ಮಾಸ್ಟರ ಕಣ್ಣು ಆ ಸೊಂಟದ ಹೊಲಿಗೆಯ ಮೇಲೆ ಬಿತ್ತು. ತೂತುಗಳ ಒಂದು ಸಾಲು, ಪಕ್ಕದಲ್ಲಿ ಇನ್ನೊಂದು, ಈಚೆಗೆ ಹೊಸ ದಾರ. ಕೈಹೊಲಿಗೆ. ಎಡಗೈಯವರ ಹೊಲಿಗೆ, ಎಡಕ್ಕೆ ವಾಲಿದ್ದು.

"ಏ, ಇದು ನಿನ್ನ ಕೆಲ್ಸ."

ಅಕ್ಕ ನೆಲ ನೋಡಿದಳು. "ಹೌದು."

"ಸಡಿಲ ಮಾಡಿದ್ದೂ ನೀನೇ, ಬಿಗಿ ಮಾಡಿದ್ದೂ ನೀನೇ?"

"ಹೌದು ರೀ."

"ಬಾಯಿರ್ಲಿಲ್ವಾ ನಿಂಗೆ? ಹೇಳೋಕೇನಾಗಿತ್ತು?"

ಅಷ್ಟು ಹೊತ್ತು ಕಟ್ಟಿಕೊಂಡಿದ್ದ ಅಳು ಒಮ್ಮೆಲೇ ಒಡೆಯಿತು. "ದಿನಾ ಹೇಳ್ದೆ! ನೀವು ನನ್ ಮಾತು ಎಲ್ಲಿ ಕೇಳ್ತೀರ, ಪ್ಯಾಂಟಿನ ಮಾತು ಕೇಳ್ತೀರ. ಅದಕ್ಕೇ ಪ್ಯಾಂಟಿನ ಬಾಯಲ್ಲಿ ಹೇಳ್ಸೋಕೆ ಹೋದೆ. ನಂಗೆ ಸಣ್ಣಗಿರೋ ಗಂಡ ಬೇಡ ರೀ. ಬರೀ ಇರೋ ಗಂಡ ಸಾಕು."

 ಮಾಸ್ಟರು ಸೂಜಿ ಚುಚ್ಚಿರದ ಕೈಯಿಂದ ಹೆಂಡತಿಯ ಮಣಿಕಟ್ಟು ಹಿಡಿದುಕೊಂಡರು. "ಆವತ್ತು ಎದೆ ಹಿಡ್ಕೊಂಡಾಗ ನಿನ್ ಮುಖ ನೋಡ್ದೆ. ಆ ಮುಖ ಇನ್ನೊಂದ್ಸಲ ನೋಡೋಕಾಗಲ್ಲ ಅಂತ ಓಡ್ತಿದ್ದೆ ಕಣೇ."

"ಈಗ ನೋಡಿ ಹಂಗಾದ್ರೆ," ಎಂದು ಅಕ್ಕ ಮುಖವೆತ್ತಿದಳು. ಅತ್ತು ಅತ್ತು ಕೆಂಪಾಗಿದ್ದ ಆ ಮುಖವನ್ನು ಮಾಸ್ಟರು ನೋಡಿದರು. 

ಮನೆಗೆ ಬಂದ ಮೇಲೆ ತಟ್ಟೆಯಲ್ಲಿ ತರಕಾರಿಯ ಪಕ್ಕಕ್ಕೆ ಬಿಸಿ ಅನ್ನ, ಮೇಲೊಂದು ಸೌಟು ಬೇಳೆ ಬಂತು. ಮಾಸ್ಟರು ತಕರಾರಿಲ್ಲದೆ ತಿಂದು, ಇನ್ನೊಂದು ಸೌಟು ಕೇಳಿ, ಬೈಸಿಕೊಂಡು ಸುಮ್ಮನಾದರು. ಮೈಯಲ್ಲಿ ಕಸುವು ಬಂದ ಮೇಲೆ ಇಬ್ಬರೂ ಪಾರ್ಕಿಗೆ ಹೊರಟರು. ಅಕ್ಕನದು ನೆಲ ನೋಯದ ನಡಿಗೆ. ನಡುವೆ ನಿಂತು ಯಾರದೋ ಅಂಗಿಯ ತೋಳು ಉದ್ದವಾಗಿದೆ ಎನ್ನುವಳು, ಮತ್ತೆ ನಡೆಯುವಳು. ಹುಡುಗಿಯರಿಬ್ಬರು ಓಡಿಕೊಂಡೇ ಮುಂದೆ ಹೋದರು. ಮಾಸ್ಟರ ಕಾಲು ಮಿಡಿಯಿತು. ಮಗುವಿನ ಗಾಡಿ ತಳ್ಳುತ್ತಿದ್ದವಳು ಮುಂದೆ ಹೋದಳು. ಮಾಸ್ಟರು ಹಲ್ಲು ಕಚ್ಚಿದರು. ಆಮೇಲೆ ಕೋಲೂರುವ ಮುದುಕಿಯೊಬ್ಬಳು ಠಕ್ ಠಕ್ ಎಂದು ಪಕ್ಕಕ್ಕೇ ಬಂದು, ಅವರನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ದಾಟಿಕೊಂಡು ಹೋದಳು.

ಮಾಸ್ಟರ ಹಣೆಯಲ್ಲಿ ಬೆವರೊಡೆಯಿತು. ಮುಷ್ಟಿ ಬಿಗಿಯಿತು, ಕುತ್ತಿಗೆಯ ನರ ಉಬ್ಬಿತು. ಅವರು ಹೆಂಡತಿಯ ಕಡೆ ತಿರುಗಿ, "ಆಮೇಲೆ? ಆ ತೋಳು ಎಷ್ಟು ಉದ್ದ ಅಂದೆ?" ಎಂದು ಕೇಳಿದರು. ಕೇಳಿ, ಅವಳು ಹೇಳಿ ಮುಗಿಸುವ ತನಕ ಅವಳ ಹೆಜ್ಜೆಗೇ ಹೆಜ್ಜೆ ಹಾಕಿದರು. ಮೆಟ್ಟಿಲು, ಇಸ್ತ್ರಿಪೆಟ್ಟಿಗೆ, ಉಪವಾಸ ಎಲ್ಲ ಸೇರಿದರೂ ಇಷ್ಟು ಕಷ್ಟದ ವ್ಯಾಯಾಮವನ್ನು ಮಾಸ್ಟರು ಈ ಜನ್ಮದಲ್ಲಿ ಮಾಡಿರಲಿಲ್ಲ.